ಬದಲಿಗಳು ಕೇಳಿಸಿಕೊಂಡ ಮಾತು

ನಮ್ಮ ಊರಿನಲ್ಲಿ ಬಾಯಿಂದ ಹೊರಟ ಮಾತು ಕೈಯಳತೆಗಿಂತ ಮುಂದೆ ಹೋಗುತ್ತಿರಲಿಲ್ಲ. ನಾಯಿ ಬೊಗಳಿದರೆ ಪಕ್ಕದ ಕೇರಿಗೂ ಕೇಳಿಸುತ್ತಿತ್ತು, ಕೊಡ ಬಿದ್ದರೆ ಇಡೀ ಬೀದಿ ತಿರುಗಿ ನೋಡುತ್ತಿತ್ತು, ಮಾತಿಗೆ ಮಾತ್ರ ಅಷ್ಟೇ ದಾರಿ. ಹಾಗಾಗಿ ಜಗಳವಾಡುವವರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತೇ ಜಗಳವಾಡಬೇಕಿತ್ತು. ಅಷ್ಟು ಹತ್ತಿರಕ್ಕೆ ನಗು ಬಂದು ಎಷ್ಟೋ ಜಗಳಗಳು ಅರ್ಧಕ್ಕೇ ನಿಂತದ್ದನ್ನು ನಾನು ನೋಡಿದ್ದೇನೆ. ಸೊಪ್ಪು ಮಾರುವವಳು ಕೂಗುತ್ತಿರಲಿಲ್ಲ, ತಕ್ಕಡಿ ಬಡಿಯುತ್ತಿದ್ದಳು. ಗುಡಿಯಲ್ಲಿ ಹಾಡುವವರು ದೇವರ ಕಿವಿಯ ಪಕ್ಕಕ್ಕೇ ಹೋಗಿ ನಿಂತು ಹಾಡುತ್ತಿದ್ದರು. ಪೂಜಾರಿ ಸರಿದು ಜಾಗ ಬಿಡುತ್ತಿದ್ದ.

ದೂರದ ಮಾತಿಗೆ ಸ್ಪೀಕರ್ ಪೆಟ್ಟಿಗೆಯೇ ಆಗಬೇಕು. ಪೆಟ್ಟಿಗೆಯಿಂದ ಬಂದ ಮಾತಿಗೆ ಈ ಕಟ್ಟು ಇರಲಿಲ್ಲ. ನಮ್ಮ ಕೇರಿಯಲ್ಲಿ ಪ್ರತಿ ಬಾಗಿಲ ಮೇಲೂ ಮರದ ಒಂದು ಪೆಟ್ಟಿಗೆ, ಅದರೊಳಗೆ ಕಾಗದದ ಬುಟ್ಟಿಯಂಥ ಕೋನು, ಕೋನಿನ ಹಿಂದೆ ಅಯಸ್ಕಾಂತ. ಒಂದು ಮನೆಯ ಪೆಟ್ಟಿಗೆಯಿಂದ ಹೊರಟ ತಂತಿ ಮುಂದಿನ ಮನೆಯ ಪೆಟ್ಟಿಗೆಗೆ, ಅಲ್ಲಿಂದ ಮುಂದಿನದಕ್ಕೆ, ಹೀಗೆ ಹೂವಿನ ಸರದಂತೆ ಕೇರಿ ಸುತ್ತಿ ನಮ್ಮ ಮನೆಗೆ ಬಂದು ಸೇರುತ್ತಿತ್ತು. ನಮ್ಮದು ಲೈನ್ ಮನೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಆಂಪ್ಲಿಫೈಯರ್, ಅದರ ಮುಂದೆ ಮೈಕು. ಯಾರಿಗೆ ಯಾರನ್ನು ಕರೆಯಬೇಕಾದರೂ ನಮ್ಮ ಜಗಲಿ ಹತ್ತಿ ಬಂದು ಮೈಕಿನಲ್ಲಿ ಹೇಳುತ್ತಿದ್ದರು. ಎಲ್ಲ ಬಾಗಿಲುಗಳೂ ಒಟ್ಟಿಗೆ ಅದನ್ನೇ ಆಡುತ್ತಿದ್ದವು. ಮೊದಲು ನನ್ನ ಸೋದರತ್ತೆ ಗೌರತ್ತೆ ಈ ಲೈನು ನೋಡಿಕೊಳ್ಳುತ್ತಿದ್ದಳು. ಅವಳ ಕಾಲ ಮುಗಿದ ಮೇಲೆ ನಾನು.

ಗೌರತ್ತೆ ಓದಿದವಳಲ್ಲ, ಅವಳಿಗೆ ಹೆದರಿಕೆಯೂ ಇರಲಿಲ್ಲ. ನನಗೆ ಹೆದರಿಕೆ ಜಾಸ್ತಿ. ಅದಕ್ಕೇ ಸಂಜೆ ತರಗತಿಗೆ ಸೇರಿ ರೇಡಿಯೋ ಕೆಲಸ ಕಲಿತೆ. ಮೇಷ್ಟ್ರು ಬೋರ್ಡಿನ ಮೇಲೆ ಎರಡು ಪೆಟ್ಟಿಗೆ ಬರೆದು ಹೇಳಿದ್ದರು: ಒಂದು ಪ್ಯಾಸಿವ್, ಅದಕ್ಕೆ ಸ್ವಂತ ಶಕ್ತಿ ಇಲ್ಲ, ಹೊರಗಿನ ಆಂಪ್ಲಿಫೈಯರ್ ಕೊಟ್ಟಷ್ಟೇ ಅದರ ಬಾಳು. ಇನ್ನೊಂದು ಆಕ್ಟಿವ್, ಆಂಪ್ಲಿಫೈಯರ್ ಅದರ ಹೊಟ್ಟೆಯೊಳಗೇ ಇರುತ್ತದೆ, ಗೋಡೆಯ ಕರೆಂಟ್ ಸಿಕ್ಕರೆ ಸಾಕು. ಆಮೇಲೆ ಅವರು ಹೇಳಿದ ಇನ್ನೊಂದು ಮಾತನ್ನು ನಂಬಲಾಗದೆ ನಾನು ಮನೆಗೆ ಬಂದು ಪರೀಕ್ಷೆ ಮಾಡಿ ನೋಡಿದ್ದೆ. ಶಕ್ತಿಯಿಲ್ಲದ ಪೆಟ್ಟಿಗೆಯ ಮುಂದೆ ನಿಂತು ಮಾತಾಡಿದರೆ ಅದೇ ಕೋನು ಅಲ್ಲಾಡಿ, ಅದೇ ತಂತಿಯಲ್ಲಿ ನಮ್ಮ ಮಾತು ಸಣ್ಣಗೆ ವಾಪಸು ಬರುತ್ತದೆ. ಆಕ್ಟಿವ್ ಪೆಟ್ಟಿಗೆಯಲ್ಲಿ ಹಾಗೆ ಬರುವುದಿಲ್ಲ. ಅದರ ಬಾಗಿಲು ಹೊರಗಡೆಗೆ ಮಾತ್ರ ತೆರೆಯುತ್ತದೆ.

ಗೌರತ್ತೆಗೆ ಇದು ಮೇಷ್ಟ್ರಿಗಿಂತ ಮುಂಚೆಯೇ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ನಮ್ಮ ಒಪ್ಪಿಗೆ ಶಾಸ್ತ್ರ ನಡೆಯುತ್ತಿದ್ದದ್ದೇ ಅದರ ಮೇಲೆ. ಮದುವೆ ಗೊತ್ತಾದ ಹುಡುಗಿ ಲೈನ್ ಮನೆಗೆ ಬಂದು ಮೈಕಿನಲ್ಲಿ "ಒಪ್ಪಿದೆ" ಅನ್ನಬೇಕು. ಆಗ ಪ್ರತಿ ಮನೆಯವರೂ ತಮ್ಮ ಬಾಗಿಲ ಪೆಟ್ಟಿಗೆಗೆ ಬಾಯಿ ಹಚ್ಚಿ, ಸಾಲಾಗಿ ಒಬ್ಬರಾದ ಮೇಲೊಬ್ಬರು, "ಕೇಳಿಸ್ತು" ಅನ್ನಬೇಕು. ಲೈನಿನವಳು ಹೆಡ್‌ಫೋನ್ ಹಾಕಿಕೊಂಡು ಆ ಉತ್ತರಗಳನ್ನು ಕೇಳಿಸಿಕೊಳ್ಳಬೇಕು. ಎಲ್ಲ ಬಾಗಿಲಿಗೂ ಕೇಳಿಸಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಎಲ್ಲ ಬಾಗಿಲಿಗೂ ಕೇಳಿಸದ ಮಾತು ಮಾತೇ ಅಲ್ಲ. ಎಲ್ಲ ಬಾಗಿಲನ್ನೂ ಮುಟ್ಟದ ಲೈನು ಲೈನೂ ಅಲ್ಲ, ಅದನ್ನು ಇಳಿಸಿಬಿಡಬೇಕು. ಇದಿಷ್ಟೇ ನಮ್ಮ ಕಟ್ಟಳೆ.

ಆ ದಿನಗಳನ್ನು ನೆನೆದರೆ ನನ್ನ ಬೆರಳುಗಳು ಈಗಲೂ ಆಂಪ್ಲಿಫೈಯರಿನ ತಿರುಪು ಹುಡುಕುತ್ತವೆ. ಒಬ್ಬೊಬ್ಬರ ಧ್ವನಿಗೂ ಒಂದೊಂದು ಪಾಕ. ದರ್ಜಿ ತಿಪ್ಪೇಶಪ್ಪ ಮಾಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬರುತ್ತಿದ್ದ, ಅವನಿಗೆ ಕೀರಲನ್ನು ಸ್ವಲ್ಪ ಇಳಿಸಬೇಕು. ಹಸಿ ಬಾಣಂತಿಯರ ಧ್ವನಿಗೆ ದಪ್ಪವನ್ನು ಒಂದು ಕೂದಲೆಳೆಯಷ್ಟು ಏರಿಸಬೇಕು. ಕೇರಿಯ ಯಜಮಾನ ಸಿದ್ರಾಮಜ್ಜನಿಗೆ ಮಾತ್ರ ಏನೂ ಮಾಡುವಂತಿರಲಿಲ್ಲ. ಅವನು ಮೈಕನ್ನೇ ನುಂಗುವಂತೆ ಹಿಡಿಯುತ್ತಿದ್ದ. ಸರಿಯಾಗಿ ಹೊಂದಿಸಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ನಾನು ಎಷ್ಟೋ ಸಲ ಬೀದಿಗೆ ಓಡಿಹೋಗಿ ಯಾರದಾದರೂ ಬಾಗಿಲ ಕೆಳಗೆ ನಿಂತು ಕೇಳಿ ಬರುತ್ತಿದ್ದೆ. "ನಮ್ ಧ್ವನಿ ನಮ್ಗಿಂತ ಚೆನ್ನಾಗಿ ಬರ್ತೈತೆ ಬಿಡು ದೇವೀರಕ್ಕ" ಅನ್ನುತ್ತಿದ್ದರು. ಅದೂ ಒಂದು ಚಿಂತೆಯೇ. ಇದ್ದದ್ದು ಇದ್ದ ಹಾಗೆ ಬರಬೇಕಲ್ಲವೇ?

ಕರೆಂಟಿನ ಪೆಟ್ಟಿಗೆ, ಅಂದರೆ ಆಕ್ಟಿವ್, ಬಂದದ್ದು ಚೌಕದ ನಾಗೋಜಪ್ಪನ ಅಂಗಡಿಗೆ. ಮೊದಲು ಅವನು ಎರಡು ಬಗೆಯನ್ನೂ ಅಕ್ಕಪಕ್ಕದಲ್ಲೇ ಇಟ್ಟಿದ್ದ. ಹೊಸದರ ಜೊತೆ ಮನೆಗೊಂದು ಮೈಕು ಬರುತ್ತಿತ್ತು, ಒಂದು ತಿರುಪು ತಿರುಗಿಸಿ ಬೇಕಾದ ಮನೆಗೆ ಮಾತ್ರ ಮಾತು ಕಳಿಸಬಹುದಿತ್ತು. ಇದು ಸುಳ್ಳು ಸುಖವಲ್ಲ. ಸ್ನಾನಕ್ಕೆ ಹೋದ ಗಂಡ ಪಂಚೆ ಮರೆತದ್ದನ್ನು ಹೆಂಡತಿ ನಮ್ಮ ಮೈಕಿನಲ್ಲಿ ಹೇಳಿ, ಕೇರಿಯೆಲ್ಲ ಕೇಳಿ ನಕ್ಕದ್ದು ನನಗೂ ನೆನಪಿದೆ. ಹೆರಿಗೆ ನೋವು ಬಂದವಳು ನಮ್ಮ ಜಗಲಿ ಹತ್ತುವ ಮುಂಚೆಯೇ ಹೆತ್ತದ್ದೂ ಇದೆ. ಜನ ಹೊಸದನ್ನು ಕೊಂಡರು; ಅವರನ್ನು ನಾನು ದೂರಲಾರೆ.

ಆದರೆ ಕೊಳ್ಳುವ ರೀತಿ ವಿಚಿತ್ರವಾಗಿತ್ತು. ಅಂಗಡಿಗೆ ಬಂದವರು ಪೆಟ್ಟಿಗೆಯ ಎದೆಯ ಮೇಲೆ ಅಂಗೈ ಇಡುತ್ತಿದ್ದರು. ಯಾವುದು ಅಂಗೈಗೆ ಧಿಮ್ಮೆಂದು ಗುದ್ದುತ್ತದೋ ಅದೇ ಒಳ್ಳೆಯದು. ಗುದ್ದುವ ಪೆಟ್ಟಿಗೆ ಖಾಲಿಯಾಗುತ್ತಿತ್ತು, ಗುದ್ದದೇ ಇದ್ದದ್ದು ಧೂಳು ಹಿಡಿಯುತ್ತಿತ್ತು. ಕಾರ್ಖಾನೆಯವರು ಮುಂದಿನ ಸಲ ಇನ್ನೂ ಗುದ್ದುವಂಥದ್ದು ಕಳಿಸಿದರು. ಜನ ಅದಕ್ಕಿಂತ ಹೆಚ್ಚು ಗುದ್ದುವುದನ್ನು ಕೇಳಿದರು. ನೋಡನೋಡುತ್ತ ನಮ್ಮೂರ ಹೆಂಗಸರೆಲ್ಲ ಕಣಜದೊಳಗಿಂದ ಮಾತಾಡುವವರಂತೆ ಕೇಳಿಸತೊಡಗಿದರು. ಕಾರ್ಖಾನೆಯಿಂದ ಬಂದ ಮನುಷ್ಯನೊಬ್ಬನನ್ನು ನಾನೇ ಕೇಳಿದೆ, ಯಾಕಪ್ಪ ಹೀಗೆ ಮಾಡ್ತೀರಿ ಅಂತ. ಅವನು ಒಳ್ಳೆಯವನೇ. "ಅಕ್ಕಾ, ನಾವು ಸೌಂಡು ಮಾಡಲ್ಲ, ಜನ ಕೇಳಿದ್ದು ಮಾಡ್ತೀವಿ" ಅಂದ.

ಹೊಸದಕ್ಕೆ ಹಳೆಯದನ್ನು ಬದಲು ತೆಗೆದುಕೊಳ್ಳುತ್ತಿದ್ದ ನಾಗೋಜಪ್ಪ, ಹಳೆಯ ಪೆಟ್ಟಿಗೆಯ ಅಯಸ್ಕಾಂತ ಕಿತ್ತು ಮರವನ್ನು ಸೌದೆಗೆ ಹಾಕುತ್ತಿದ್ದ. ನಮ್ಮ ಲೈನಿಗೆ ಒಂದು ಕೋನು ಬೇಕೆಂದು ಹೋದಾಗ ಕೈಯಲ್ಲಾಡಿಸಿಬಿಟ್ಟ. "ಕೇಳೋರಿಲ್ಲದ ಮಾಲು ಯಾರು ತರಿಸ್ತಾರೆ ದೇವೀರಮ್ಮ? ನಂಗೇನು ನಿನ್ ಲೈನಿನ ಮೇಲೆ ಹಗೆಯೇನು? ಹತ್ತು ಜನ ಬಂದು ಕೇಳ್ಲಿ, ನಾಳೆನೇ ತರಿಸ್ತೀನಿ." ಹತ್ತು ಜನ ಎಲ್ಲಿಂದ ಬರಬೇಕು?

ಸರದ ಒಂದು ಹೂವು ಉದುರಿದರೆ ದಾರ ಕಡಿಯುತ್ತದೆ. ಒಂದು ಮನೆಯ ಪೆಟ್ಟಿಗೆ ತೆಗೆದರೆ ಇಡೀ ಲೈನು ಮೂಕ. ಹಾಗಾಗಿ ಬಿಟ್ಟುಹೋದ ಪ್ರತಿ ಮನೆಯ ಜಾಗದಲ್ಲಿ ನಾನು ನಮ್ಮ ಗೋಡೆಯ ಮೇಲೆ ಒಂದು ರೆಸಿಸ್ಟರ್ ಕೂರಿಸಿ ತಂತಿ ಜೋಡಿಸಿದೆ. ಪಿಂಗಾಣಿಯ ಕೊಳವೆಗೆ ತಂತಿ ಸುತ್ತಿದ ಬೆರಳುದ್ದದ ವಸ್ತು. ಪೆಟ್ಟಿಗೆ ಎಳೆಯುತ್ತಿದ್ದಷ್ಟೇ ಶಕ್ತಿಯನ್ನು ಅದೂ ಎಳೆಯುತ್ತದೆ, ಸದ್ದು ಮಾಡುವುದಿಲ್ಲ, ಬಿಸಿಯಾಗುತ್ತದೆ ಅಷ್ಟೇ. ಅದಕ್ಕೆ ಬದಲಿ ಎಂದು ಹೆಸರಾಯಿತು. ಯಾವುದು ಯಾರದೆಂದು ನನಗೆ ತಪ್ಪಿಹೋಗದಿರಲೆಂದು ಕೆಳಗೆ ಮನೆಯ ಹೆಸರು ಬರೆದೆ. ಅಲ್ಲಿಂದ ಶುರುವಾಯಿತು.

ಬಂದವರು ತಮ್ಮ ಬದಲಿಯನ್ನು ಮುಟ್ಟಿ ನೋಡಿ, "ಏನಕ್ಕ, ನಮ್ಮೋರು ಇವತ್ತು ಬಾಳ ಬಿಸಿಯಾಗವ್ರೆ" ಎಂದು ನಗುತ್ತಿದ್ದರು. ಆಯುಧಪೂಜೆಗೆ ಯಾರೋ ತಮ್ಮ ಬದಲಿಗೆ ಕುಂಕುಮ ಹಚ್ಚಿದರು. ಮರುವರ್ಷ ಎಲ್ಲರೂ ಹೂವು ತಂದರು. ಲೈನಿನಲ್ಲಿ ಸಾವಿನ ಸುದ್ದಿ ಹೇಳಿದಾಗ ತಡವಾಗಿ ಬಂದವರು, "ನಮ್ ಬದಲಿಗೆ ಕೇಳಿಸಿತ್ತಲ್ಲ, ನಮ್ಗೆ ತಲುಪೋದು ತಡವಾಯ್ತು" ಅನ್ನುತ್ತಿದ್ದರು. ಮೊದಮೊದಲು ಇದು ತಮಾಷೆ. ತಮಾಷೆ ಯಾವಾಗ ರೂಢಿಯಾಯಿತೋ ನನಗೆ ತಿಳಿಯಲಿಲ್ಲ. ಬಿಟ್ಟುಹೋದವರಿಗೂ ಬಿಟ್ಟುಹೋದೆವೆಂಬ ಸಂಕಟ ಇತ್ತೇನೋ. ಗೋಡೆಯ ಮೇಲೆ ತಮ್ಮ ಹೆಸರಿದ್ದರೆ ಅವರಿಗೊಂದು ನೆಮ್ಮದಿ.

ತಿಪ್ಪೇಶಪ್ಪ ಮಾಮನ ಮಗಳು ವನಜಿಯ ಒಪ್ಪಿಗೆ ನಡೆದದ್ದು ಇಂಥ ಕಾಲದಲ್ಲಿ. ವರ ನಾಗೋಜಪ್ಪನ ಮಗ ಮಲ್ಲಿನಾಥ. ಅಪ್ಪನ ಅಂಗಡಿಯಲ್ಲೇ ಇದ್ದರೂ ಅವನ ಬಾಯಿಂದ ಮಾತು ಬಿದ್ದದ್ದನ್ನು ಕಂಡವರು ಕಡಿಮೆ. ವನಜಿ ಶಿಶುವಿಹಾರದಲ್ಲಿ ಮಕ್ಕಳಿಗೆ ಆಟ ಆಡಿಸುವವಳು, ನಗುವಿನವಳು. ಗಂಡಿನವರದು ದೊಡ್ಡ ಮನೆ, ಊರಿನ ದೊಡ್ಡ ಅಂಗಡಿ. ತಿಪ್ಪೇಶಪ್ಪ ಮಾಮ ಹಿಗ್ಗಿಹೋಗಿದ್ದ. ವನಜಿ ಮೈಕಿನಲ್ಲಿ "ಒಪ್ಪಿದೆ" ಅಂದಳು. ನಾನು ಹೆಡ್‌ಫೋನ್ ಹಾಕಿ ಕುಳಿತೆ. ಲೈನಿನಲ್ಲಿ ಉಳಿದಿದ್ದ ಕೆಲವು ಮನೆಗಳಿಂದ "ಕೇಳಿಸ್ತು" ಬಂತು. ಸಿದ್ರಾಮಜ್ಜನಿಗೆ ಅಷ್ಟನ್ನೇ ಹೇಳಿದೆ: ಇಂತಿಂಥವರು ಉತ್ತರ ಕೊಟ್ಟರು ಅಜ್ಜ, ಮಿಕ್ಕವು ಬದಲಿಗಳು. ಅಜ್ಜ ಗೋಡೆ ನೋಡಿದ, ಬದಲಿಗಳ ಮೇಲೆ ಕೈಯಾಡಿಸಿದ. "ಬಿಸಿ ಅವೆ. ಅವ್ಕೂ ಮುಟ್ಟೈತೆ. ಕೇರಿ ಕೇಳಿಸ್ಕೊಂಡೈತೆ" ಎಂದು ಎದ್ದ. ಎಲ್ಲರೂ ಬೆಲ್ಲ ತಿಂದರು.

ಅದಾದ ಕೆಲವೇ ದಿನಗಳಲ್ಲಿ ವನಜಿ ನಮ್ಮ ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ಕುಕ್ಕರಿಸಿದಳು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಅವಳೂ ಒಂದು ಹಿಡಿ ಎಳೆದುಕೊಂಡು ಸುಲಿಯತೊಡಗಿದಳು.

"ದೇವೀರಕ್ಕ, ನಂಗೆ ಆ ಮನೆ ಬ್ಯಾಡ."

"ಹುಡುಗ ಏನಾದ್ರೂ ಅಂದ್ನೇನೆ?"

"ಅವ್ನು ಏನೂ ಅನ್ನಲ್ಲ, ಪಾಪ. ಅವ್ರಪ್ಪ ನನ್ನ ಅಂಗಡೀಲಿ ಕೂರಿಸ್ಯಾನೆ. ಮದ್ವೆಗೆ ಮುಂಚೆನೇ. ಹೆಂಗಿದ್ರೂ ನಮ್ಮನೆ ಹುಡುಗಿ ಅಂತಾನೆ. ಗಿರಾಕಿ ಬಂದಾಗೆಲ್ಲ ನಾನು ಮೈಕಲ್ಲಿ 'ಊಟಕ್ಕೆ ಬನ್ನಿ, ಆರಿಹೋಗ್ತೈತೆ' ಅನ್ಬೇಕು. ಆ ಪೆಟ್ಗೇಲಿ ನನ್ ಧ್ವನಿ ಚೆನ್ನಾಗಿ ಕೂರ್ತದಂತೆ. ಅಪ್ಪನ ಜೊತೆ ಪೆಟ್ಗೆ ನೋಡಕ್ಕೆ ಹೋಗಿದ್ನಲ್ಲಕ್ಕ, ಅವತ್ತು ಸುಮ್ನೆ ಹಲೋ ಅಂದಿದ್ದೆ. ಅಂಗಡೀಲಿದ್ದೋರೆಲ್ಲ ತಿರುಗಿ ನೋಡಿದ್ರು. ಅದಾದ ವಾರಕ್ಕೇ ಸಂಬಂಧ ಕೇಳ್ಕೊಂಡು ಬಂದ್ರು." ಅವಳ ಕೈಯ ಕಾಯಿ ಒಡೆಯಲಿಲ್ಲ, ಹಲ್ಲಿನಿಂದ ಬಿಡಿಸಿದಳು. "ನಿನ್ನೆ ಸಂಜೆ ಅಪ್ಪನ್ನ ಊಟಕ್ಕೆ ಕರೀಬೇಕು, ಮಾತು ಬರ್ಲಿಲ್ಲಕ್ಕ. ಬಾಯಲ್ಲಿ ಹೊಟ್ಟು ತುಂಬ್ಕೊಂಡಂಗೆ ಆಯ್ತು. ಶಿಶುವಿಹಾರದ ಮಕ್ಳನ್ನ ಕರೆದ್ರೆ ನಂಗೇ ಅಂಗಡಿ ನೆನಪಾಗ್ತೈತೆ. ಜೀವ್ನ ಪೂರ್ತಿ ಹಿಂಗೇ?"

"ಒಪ್ಪಿದೆ ಅಂದುಬಿಟ್ಟೆಯಲ್ಲೇ ತಾಯಿ."

"ಅಂದೆ. ಎಷ್ಟ್ ಮನೆ ಕೇಳಿಸ್ಕೊಂಡ್ವು? ನೀನೇ ಹೇಳು."

ನನ್ನ ಕೈ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ, ಅವರೆಕಾಳು ನೋಡುತ್ತಿದ್ದಳು. ಬದಲಿಗಳಿಗೆ ಕಿವಿಯಿಲ್ಲ ಎಂದು ನಾನು ಹೇಳಿದರೆ ಅವಳ ಮಾತು ಬಿಡುಗಡೆಯಾಗುತ್ತದೆ. ಅದೇ ಉಸಿರಿನಲ್ಲಿ ನಮ್ಮ ಲೈನು ಎಲ್ಲ ಬಾಗಿಲನ್ನೂ ಮುಟ್ಟುತ್ತಿಲ್ಲವೆಂದೂ ಆಗುತ್ತದೆ; ಕಟ್ಟಳೆಯಂತೆ ಅದನ್ನು ಇಳಿಸಬೇಕಾಗುತ್ತದೆ. ಗೌರತ್ತೆ ಕಂಬ ಕಂಬ ಹತ್ತಿ ಎಳೆದ ತಂತಿ. ಇನ್ನೂ ಅದನ್ನೇ ನಂಬಿಕೊಂಡಿದ್ದ ಆ ಕೆಲವು ಮನೆಗಳು. ನಾನು ಬೇರೆ ಏನಾಗಿದ್ದೆ ಆ ಊರಿನಲ್ಲಿ? ಲೈನಿನ ದೇವೀರಕ್ಕ ಅಷ್ಟೇ. "ನೋಡೋಣ ಇರೇ" ಅಂದೆ. ಅವಳು ಕಾಳನ್ನೆಲ್ಲ ಪಾತ್ರೆಗೆ ಸುರಿದು, ಸಿಪ್ಪೆ ಬಳಿದು ಎಸೆದು ಹೋದಳು.

ಅವಳೇ ಸಿದ್ರಾಮಜ್ಜನ ಬಳಿ ಹೋಗಿ, ತನ್ನ ಮಾತು ಎಷ್ಟು ಮನೆಗೆ ಕೇಳಿಸಿತೆಂದು ಕೇಳಿಯೂಬಿಟ್ಟಳು. ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ಕೇರಿ ಸೇರಿತು. ತಿಪ್ಪೇಶಪ್ಪ ಮಾಮ ಹೊಲಿಯುತ್ತಿದ್ದ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದು, ಮಗಳಿಂದ ಕೈಯಳತೆಗಿಂತ ಆಚೆಗೆ ನಿಂತ. ನಾಗೋಜಪ್ಪ ತನ್ನ ಹೊಸ ಪೆಟ್ಟಿಗೆಯೊಂದನ್ನು ಹೊರಿಸಿಕೊಂಡು ಬಂದು, ನನ್ನ ಜಗಲಿಯ ಕರೆಂಟಿಗೇ ಸಿಕ್ಕಿಸಿ, ಮೈಕು ಹಿಡಿದ. ಅವನ ಮಾತು ಗುಡುಗಿತು. "ಕೇರಿಗೆ ಮುಟ್ಟಿದ ಮಾತು ಕೇರಿದು! ಬದ್ಲಿ ಇದ್ದ ಕಡೆ ಮನೆ ಇದ್ದಂಗೆ. ನೀವೇ ಕುಂಕುಮ ಹಚ್ಚಿಲ್ವಾ? ಹೂವು ಏರಿಸಿಲ್ವಾ? ಇವತ್ತು ಅದು ಬರೀ ತಂತಿ ಅಂದ್ರೆ ಹೆಂಗೆ?"

"ಲೈನಿಂದ ಮನೆಗಳ್ನೆಲ್ಲ ಬಿಡಿಸ್ದೋನೇ ಈಗ ಲೈನಿಗೆ ಆರತಿ ಎತ್ತಾನೆ ನೋಡವ್ವ" ಎಂದು ನನ್ನ ಕಿವಿಯ ಪಕ್ಕ ಯಾರೋ ಹೆಂಗಸು ಅಂದಳು. ಅದು ನನ್ನ ಹೊರತು ಯಾರಿಗೂ ಕೇಳಿಸಲಿಲ್ಲ.

ಸಿದ್ರಾಮಜ್ಜ ನನ್ನ ಕಡೆ ಕೈ ತೋರಿಸಿದ. ನಾಗೋಜಪ್ಪ ಮೈಕನ್ನು ನನ್ನ ಕೈಗಿಟ್ಟು, "ಇದ್ರಲ್ಲೇ ಹೇಳು ತಾಯಿ, ಎಲ್ಲಾರ್ಗೂ ಮುಟ್ಲಿ. ಬದ್ಲಿ ಕೂರಿಸಿದೋಳು ನೀನೇ" ಅಂದ. ಅವನಿಗೆ ನಂಬಿಕೆ ಇತ್ತು. ತನ್ನ ಲೈನನ್ನು ತಾನೇ ಯಾರು ಕೊಂದುಕೊಳ್ಳುತ್ತಾರೆ?

"ನನಗೆ ಪೂರ್ತಿ ಗೊತ್ತು ಅಂತಲ್ಲ," ಎಂದು ಶುರುಮಾಡಿದೆ. ಅಯ್ಯೋ, ಆ ಪೆಟ್ಟಿಗೆ! ನನ್ನ ಅನುಮಾನವೆಲ್ಲ ಅದರೊಳಗೆ ಹೋಗಿ ನ್ಯಾಯಾಧೀಶರ ತೀರ್ಪಿನಂತೆ ಹೊರಗೆ ಬರುತ್ತಿತ್ತು. ಜನ ಬೆನ್ನು ನೇರ ಮಾಡಿಕೊಂಡರು. ಹೀಗೆ ಹೇಳಿದರೆ ಯಾರೂ ನನ್ನನ್ನು ಪ್ರಶ್ನಿಸುವುದಿಲ್ಲ ಎನ್ನಿಸಿತು, ಅದಕ್ಕೇ ಭಯವಾಯಿತು. ತಪ್ಪು ಹೇಳಿದರೂ ಇದು ಹೀಗೇ ಗುಡುಗುತ್ತದಲ್ಲ? ಮೈಕು ಕೆಳಗಿಟ್ಟೆ. ಅಜ್ಜನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಆಂಪ್ಲಿಫೈಯರ್ ಮುಂದೆ ಕೂರಿಸಿದೆ. ಹೆಡ್‌ಫೋನನ್ನು ಅವನ ರುಮಾಲಿನ ಮೇಲೆಯೇ ಹಾಕಿದೆ.

"ನಾನು ಹೇಳೋದು ಬ್ಯಾಡ ಅಜ್ಜ. ನೀನೇ ಕೇಳು."

ಲೈನಿನಲ್ಲಿ ಉಳಿದಿದ್ದವರಿಗೆ ಮನೆಗೆ ಹೋಗಿ ಬಾಗಿಲ ಬಳಿ ನಿಲ್ಲುವಂತೆ ಹೇಳಿ ಕಳಿಸಿದೆ. ಬಿಟ್ಟುಹೋದವರಿಗೂ ಹೇಳಿದೆ, ನೀವೂ ನಿಮ್ಮ ಸರದಿಗೆ ಉತ್ತರ ಕೊಡಿ. ವನಜಿ ಮೈಕಿನ ಮುಂದೆ ನಿಂತು, "ನಾನು ವನಜಿ, ಕೇಳಿಸ್ತಾ?" ಅಂದಳು. ಅಷ್ಟೇ.

ಸಿದ್ರಾಮಜ್ಜ ಕಣ್ಣು ಮುಚ್ಚಿದ. ಒಂದು ಮನೆ ಉತ್ತರ ಕೊಟ್ಟಾಗ ಹಣೆ ಅರಳಿತು, "ಹಾ, ಕೊಟ್ರಮ್ಮನ ಮನೆ" ಅಂದ. ಆಮೇಲೆ ಹಣೆ ಹಾಗೇ ನಿಂತಿತು. ಅವನು ಕಾಯುತ್ತಿದ್ದ. ಮತ್ತೆಲ್ಲೋ ಒಂದು ಮನೆ. ಮತ್ತೆ ಕಾಯುವುದು. ಕಿಟಕಿಯಿಂದ ನನಗೆ ಬೀದಿ ಕಾಣಿಸುತ್ತಿತ್ತು. ಬಿಟ್ಟುಹೋದವರು ತಮ್ಮ ಹೊಸ ಪೆಟ್ಟಿಗೆಗಳಿಗೆ ಬಾಯಿ ಹಚ್ಚಿ, ಕತ್ತಿನ ನರ ಉಬ್ಬಿಸಿ "ಕೇಳಿಸ್ತು" ಅನ್ನುತ್ತಿದ್ದರು. ಒಬ್ಬಾಕೆ ಸ್ಟೂಲು ಹಾಕಿಕೊಂಡು ಹತ್ತಿದ್ದಳು. ಇತ್ತ ಗೋಡೆಯ ಮೇಲೆ ಬದಲಿಗಳು ತಮ್ಮಷ್ಟಕ್ಕೆ ಬಿಸಿಯಾಗಿದ್ದವು. ಅಜ್ಜ ಬಹಳ ಹೊತ್ತಾದ ಮೇಲೆ ಹೆಡ್‌ಫೋನ್ ತೆಗೆದ.

"ಇಷ್ಟೊಂದು ಮನೆ ಸುಮ್ಕಾಗವೆ ಅಂತ ನಂಗೆ ಗೊತ್ತೇ ಇರ್ಲಿಲ್ವಲ್ಲೇ ದೇವೀರಿ" ಅಂದ. "ಯಾವಾಗಿಂದ?"

ನಾನು ಹೆಡ್‌ಫೋನನ್ನು ಅವನ ಕೈಯಿಂದ ತೆಗೆದುಕೊಂಡೆ. ಅವನೇ ಹೊರಗೆ ಹೋಗಿ, ಪೆಟ್ಟಿಗೆಯನ್ನು ಬದಿಗೆ ಸರಿಸಿ, ಸೇರಿದವರ ಬಳಿ ಒಬ್ಬೊಬ್ಬರ ಹತ್ತಿರಕ್ಕೂ ನಡೆದು ಹೋಗಿ ಹೇಳಿದ: ಹುಡುಗಿ ಮಾತು ಕೇರಿಗೆ ಮುಟ್ಟಿಲ್ಲ. ಲೈನೂ ಇನ್ನು ಇಲ್ಲ. ಮುದುಕ ಅಷ್ಟು ಜನರ ಹತ್ತಿರ ಹೋಗಿ ಬರುವಷ್ಟರಲ್ಲಿ ಬಿಸಿಲೇರಿತ್ತು. ತಿಪ್ಪೇಶಪ್ಪ ಮಾಮ ಅಂಗಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹೋದ. ಮಗಳ ಮೇಲೆ ಸಿಟ್ಟಿತ್ತು, ಆಮೇಲೆ ಇಳಿಯಿತು. ವನಜಿ ಮರುದಿನದಿಂದಲೇ ಅಂಗಡಿ ಬಿಟ್ಟು ಶಿಶುವಿಹಾರಕ್ಕಷ್ಟೇ ಹೋದಳು. ನನಗೆ ಕೃತಜ್ಞತೆ ಏನೂ ಹೇಳಲಿಲ್ಲ, ಹೇಳಿದ್ದರೆ ನಾನು ಅತ್ತುಬಿಡುತ್ತಿದ್ದೆ.

ತಂತಿ ಇಳಿಸುವ ಕೆಲಸವನ್ನು ನಾನೇ ಮಾಡಿದೆ. ಬೇರೆಯವರಾದರೆ ಎಳೆದು ಕಿತ್ತು ಗೋಡೆಯ ಗಾರೆ ಉದುರಿಸುತ್ತಾರೆ. ಬಾಗಿಲಿಂದ ಬಾಗಿಲಿಗೆ ಹೋದೆ. ಒಂದೊಂದು ಮನೆಯಲ್ಲೂ ಕಾಫಿ, ಮಜ್ಜಿಗೆ, ಹಳೆಯ ಮಾತು. ಉಳಿದಿದ್ದ ಆ ಕೆಲವು ಮನೆಯವರೂ ಹೊಸ ಪೆಟ್ಟಿಗೆ ಕೊಂಡರು. ಬೇರೆ ದಾರಿ ಇರಲಿಲ್ಲ. ನಾಗೋಜಪ್ಪನಿಗೆ ಸೊಸೆ ತಪ್ಪಿದರೂ ಗಿರಾಕಿ ತಪ್ಪಲಿಲ್ಲ. ನಾನು ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಹಿಡಿದೆ. ಬಹಳ ದಿನ ಪೆಟ್ಟಿಗೆಯಿಲ್ಲದೆಯೇ ಇದ್ದೆ. ಯಾರಿಗಾದರೂ ಏನಾದರೂ ಹೇಳಬೇಕಾದರೆ ನಡೆದು ಹೋಗಿ ಹೇಳುತ್ತಿದ್ದೆ. ಮಂಡಿ ನೋವು ಶುರುವಾದ ಮೇಲೆ ನಾನೂ ಚೌಕಕ್ಕೆ ಹೋದೆ.

ಅಂಗಡಿಯಲ್ಲಿ ಮಲ್ಲಿನಾಥ ಒಬ್ಬನೇ ಕೌಂಟರಿನಲ್ಲಿದ್ದ. ನಾಗೋಜಪ್ಪ ಒಳಗೆ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚಿಸುತ್ತಿದ್ದ. ನನ್ನಿಂದ ಮುರಿದ ಸಂಬಂಧ; ಹುಡುಗನ ಮುಖ ಹೇಗೆ ನೋಡಲಿ ಎಂದು ಬಾಗಿಲಲ್ಲೇ ತಡೆದು ನಿಂತೆ. ಅವನೇ ಕೌಂಟರು ದಾಟಿ ಕೈಯಳತೆಗೆ ಬಂದ.

"ಒಂದು ಪೆಟ್ಟಿಗೆ ಬೇಕಿತ್ತಪ್ಪ," ಅಂದೆ. "ಧ್ವನಿ ಸ್ವಲ್ಪ ತೆಳುವಾಗಿ ಬರೋವಂಥದ್ದು. ಇದ್ದದ್ದು ಇದ್ದ ಹಾಗೆ. ಅಂಥದ್ದು ಈಗ ಬರಲ್ವೇನೋ."

ಅವನು ಒಮ್ಮೆ ಗೋದಾಮಿನ ಕಡೆ ನೋಡಿದ. ಒಂದು ಪೆಟ್ಟಿಗೆಯನ್ನು ಕೆಳಗಿಳಿಸಿ ಹಿಂದಕ್ಕೆ ತಿರುಗಿಸಿದ. ಮೂಲೆಯಲ್ಲಿ ಅಂಟಿನ ಒಂದು ಚುಕ್ಕೆ. ಅದನ್ನು ಉಗುರಿನಿಂದ ಕೆರೆದು ಕಿತ್ತಾಗ ಅಡಿಯಲ್ಲಿ ಪುಟ್ಟದೊಂದು ತಿರುಪು ಕಂಡಿತು.

"ಎಲ್ಲಾ ಪೆಟ್ಗೇಲೂ ಐತಕ್ಕ," ಅಂದ. "ಕಂಪ್ನಿಯೋರೇ ಇಟ್ಟಿರ್ತಾರೆ. ಯಾರೂ ಕೇಳಲ್ಲ ಅಂತ ಅಂಟು ಹಾಕಿ ಮುಚ್ಚಿ ಕಳಿಸ್ತಾರೆ. ನೀನೇ ಮೊದ್ಲು ಕೇಳಿದ್ದು." ಸ್ಕ್ರೂಡ್ರೈವರ್ ಹಿಡಿದು ಮೆಲ್ಲಗೆ ತಿರುಗಿಸುತ್ತ, ತಲೆ ಎತ್ತದೆಯೇ ಅಂದ: "ಆ ಮದ್ವೆ ವಿಷ್ಯ. ನನ್ನೂ ಯಾರೂ ಕೇಳಿರ್ಲಿಲ್ಲಕ್ಕ. ನೀನು ಕೊರಗ್ಬ್ಯಾಡ."

ಮೈಕನ್ನು ನನ್ನ ಕೈಗೆ ಕೊಟ್ಟ. "ಸರಿಯಾಗಿದೆಯೋ ಇಲ್ಲವೋ," ಅಂದೆ. ಪೆಟ್ಟಿಗೆಯೂ ಅದನ್ನೇ ಅಂದಿತು, ತೆಳ್ಳಗೆ, ಕೊನೆಯಲ್ಲಿ ಕೊಂಚ ನಡುಗಿ, ನಾನು ಅಂದ ಹಾಗೆಯೇ. ಆಚೆ ಬದಿಯಲ್ಲಿ ಹೆಂಗಸೊಬ್ಬಳು ದೊಡ್ಡ ಪೆಟ್ಟಿಗೆಯೊಂದರ ಎದೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಅವಳ ಕೈ ಅಲ್ಲಿಂದ ಸರಿಯಿತು. ನಮ್ಮ ಹತ್ತಿರಕ್ಕೆ ನಡೆದು ಬಂದಳು.

"ಯಾರೋ ಮನುಷ್ಯರು ಮಾತಾಡ್ದಂಗಾಯ್ತಲ್ಲ," ಅಂದಳು. "ಯಾವ್ದಪ್ಪ ಅದು? ನಂಗೂ ಅಂಥದ್ದೇ ತೋರ್ಸು."

ಮಲ್ಲಿನಾಥ ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ಕೌಂಟರಿನ ಮೈಕು ಎತ್ತಿದ, ಗೋದಾಮಿಗೆ ಕೇಳಿಸುವಂತೆ.

"ಅಪ್ಪಾ," ಅಂದ, "ಒಬ್ರು ಕೇಳ್ತಾವ್ರೆ."